ಪಂಪು ಬೇಡದ ಕೊಳ

ಮನೆ ಮುಂದೆ ಪುಟ್ಟದೊಂದು ಕೊಳ ಮಾಡೋಣ ಎಂದು ಬಾಯಿಬಿಟ್ಟರೆ ಎರಡು ಕಡೆಯಿಂದ ಎರಡು ಮಾತು ಬರುತ್ತವೆ. "ನಿಂತ ನೀರು ಸಾರ್, ಎಂಟು ದಿನಕ್ಕೆ ನಾರುತ್ತೆ. ಪಂಪು, ಫಿಲ್ಟರು ಇಲ್ದೆ ಆಗಲ್ಲ" ಎಂದು ಗಾರ್ಡನ್ ಕೆಲಸದವರು ಲೆಕ್ಕ ಬರೆಯುತ್ತಾರೆ. "ಇರೋ ಸೊಳ್ಳೆ ಸಾಲ್ದಾ?" ಎಂದು ಮನೆಯೊಳಗಿನಿಂದ ಕೇಳುತ್ತಾರೆ. ಮೊದಲ ಮಾತನ್ನು ನಂಬಿದವರು ಕೊಳಕ್ಕಿಂತ ಹೆಚ್ಚು ದುಡ್ಡನ್ನು ಯಂತ್ರಕ್ಕೆ ಸುರಿಯುತ್ತಾರೆ. ಎರಡನೆಯದಕ್ಕೆ ಹೆದರಿದವರು ಆಸೆಯನ್ನೇ ಕೈಬಿಟ್ಟು ಆ ಜಾಗಕ್ಕೂ ಟೈಲ್ಸ್ ಹಾಕಿಸುತ್ತಾರೆ. 30–40 ಸೈಟಿನಲ್ಲಿ ಕಾರು ನಿಲ್ಲಿಸಿದ ಮೇಲೆ ಉಳಿಯುವ ಮಣ್ಣೇ ಅಷ್ಟಿಷ್ಟು. ಅದೂ ಟೈಲ್ಸಿನಡಿ ಹೋಗುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆ ಎರಡು ಭಯಗಳೂ ಸುಳ್ಳಲ್ಲ. ನಿಂತ ನೀರು ಕೆಡುತ್ತದೆ, ನಿಂತ ನೀರಿನಲ್ಲಿ ಸೊಳ್ಳೆಯೂ ಆಗುತ್ತದೆ. ಆದರೆ ಯಾವ ನಿಂತ ನೀರು ಕೆಡುತ್ತದೆ, ಯಾವುದು ಕೆಡುವುದಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿ ನೂರು ವರ್ಷದ ಮೇಲಾಯಿತು. ಒಂದು ಉತ್ತರ ಲಂಡನ್ನಿನ ಔಷಧ ಕಾರ್ಖಾನೆಯೊಂದರ ರಸಾಯನ ತಜ್ಞನಿಗೆ ಗಾಜಿನ ಪಾತ್ರೆಯಲ್ಲಿ ಸಿಕ್ಕಿತು. ಇನ್ನೊಂದರ ಮೊದಲ ಎಳೆ ಕಂಡದ್ದು ನಮ್ಮ ಬೆಂಗಳೂರಿನಲ್ಲೇ, ದಂಡು ಪ್ರದೇಶದ ಬಂಗಲೆಯೊಂದರ ಕಿಟಕಿಯ ಹೊರಗೆ. ಕಡಿಮೆ ಖರ್ಚಿನಲ್ಲಿ ಕೊಳ ಮಾಡಬೇಕೆನ್ನುವವರು ಮೊದಲು ತಿಳಿಯಬೇಕಾದದ್ದು ಈ ಎರಡು ಕತೆಗಳನ್ನು. ಪೈಪಿನ ಅಳತೆ, ಪಂಪಿನ ಕಂಪನಿ ಎಲ್ಲ ಆಮೇಲೆ.

ಕತೆ ಶುರುವಾಗುವುದು ನೀರಿನಿಂದಲ್ಲ, ಗಾಳಿಯಿಂದ. 1771ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಮುಚ್ಚಿದ ಪಾತ್ರೆಯೊಳಗೆ ಮೇಣದ ಬತ್ತಿ ಉರಿಸಿ, ಅದು ತಾನಾಗಿ ಆರಿದ ಮೇಲೆ ಆ ಕೆಟ್ಟ ಗಾಳಿಯೊಳಗೆ ಪುದೀನದ ಒಂದು ಕಡ್ಡಿ ಇಟ್ಟ. ಹತ್ತು ದಿನ ಕಳೆದು ನೋಡಿದರೆ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. ಪ್ರಾಣಿಯ ಉಸಿರು, ಬೆಂಕಿಯ ಉರಿ ಕೆಡಿಸಿದ್ದನ್ನು ಗಿಡ ಸರಿಪಡಿಸುತ್ತದೆ ಎಂದು ಆತ ಬರೆದ. ಕೆಲವರು ಮತ್ತೆ ಮಾಡಿ ನೋಡಿದಾಗ ಒಮ್ಮೆ ಆಯಿತು, ಒಮ್ಮೆ ಆಗಲಿಲ್ಲ. ಏಕೆಂದು ತಿಳಿದದ್ದು 1779ರ ಬೇಸಿಗೆಯಲ್ಲಿ. ಡಚ್ ವೈದ್ಯ ಯಾನ್ ಇಂಗೆನ್‌ಹೌಸ್ ಲಂಡನ್ನಿನ ಹೊರವಲಯದಲ್ಲೊಂದು ಮನೆ ಹಿಡಿದು, ಮೂರು ತಿಂಗಳೊಳಗೆ ಐನೂರಕ್ಕೂ ಹೆಚ್ಚು ಪ್ರಯೋಗ ಮಾಡಿದ. ಎಲೆಗಳನ್ನು ನೀರಿನಲ್ಲಿ ಮುಳುಗಿಸಿದ. ಬಿಸಿಲಿಗಿಟ್ಟರೆ ಎಲೆಯ ಮೈಮೇಲೆ ಗುಳ್ಳೆಗಳು ಏಳುತ್ತಿದ್ದವು, ಕತ್ತಲಿಗೊಯ್ದರೆ ನಿಲ್ಲುತ್ತಿದ್ದವು. ಕೆಲಸ ಮಾಡುವುದು ಗಿಡದ ಹಸಿರು ಭಾಗ, ಅದೂ ಬೆಳಕಿದ್ದಾಗ ಮಾತ್ರ.

ಈ ಗುಳ್ಳೆಗಳನ್ನು ನಾವೆಲ್ಲ ನೋಡಿದ್ದೇವೆ. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಬೀಕರಿನಲ್ಲಿ ಹೈಡ್ರಿಲ್ಲಾ ಗಿಡ ಹಾಕಿ, ಮೇಲೊಂದು ಆಲಿಕೆ ಕವುಚಿ, ಅದರ ಮೇಲೆ ನೀರು ತುಂಬಿದ ಪ್ರನಾಳ ನಿಲ್ಲಿಸಿ ಕಿಟಕಿಯ ಬಿಸಿಲಿಗೆ ಇಡುತ್ತಿದ್ದರು. ಪರೀಕ್ಷೆಗೆ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಐದು ಅಂಕ ತೆಗೆದುಕೊಂಡವರು, ಅದೇ ಗುಳ್ಳೆಗಳು ಮನೆ ಮುಂದಿನ ಕೊಳದಲ್ಲಿ ಪಂಪಿನ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತವೆ ಎಂದು ಯೋಚಿಸಿದ್ದು ಕಡಿಮೆ.

ನೀರಿಗೆ ಗಾಳಿ ಬೆರೆಸುವ ಕೆಲಸ ಎಷ್ಟು ಕಷ್ಟದ್ದೆಂದು ತಿಳಿಯಲು ಆನಾ ಥಿನ್ ಎಂಬ ಹೆಂಗಸಿನ ಪ್ರಸಂಗ ನೋಡಬೇಕು. 1846ರಲ್ಲಿ ಆಕೆ ಟಾರ್ಕೀ ಎಂಬ ಕಡಲೂರಿಗೆ ಹೋದಾಗ ಅಲ್ಲಿನ ಹವಳದ ಜಾತಿಯ ಜೀವಿಗಳನ್ನು ಕಂಡು ಮರುಳಾಗಿ ಲಂಡನ್ನಿಗೆ ತಂದಳು. ಸಮುದ್ರ ದೂರ, ನೀರು ಬದಲಿಸುತ್ತಲೇ ಇರುವುದು ಸಾಧ್ಯವಿಲ್ಲ. ಹಾಗಾಗಿ ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಇದಕ್ಕೆ, ಅರ್ಧದಿಂದ ಮುಕ್ಕಾಲು ಗಂಟೆ ಹೊಯ್ಯುವ ಏರ್ಪಾಡಾಯಿತು. ಹೊಯ್ದವಳು ಮನೆಗೆಲಸದ ಪುಟ್ಟ ಹುಡುಗಿ. ಆಕೆಗೆ ಅದು ಆಟದಂತಿತ್ತು ಎಂದು ಒಡತಿ ಬರೆದಿಟ್ಟಿದ್ದಾಳೆ. ಹುಡುಗಿಯ ತೋಳುಗಳು ಏನು ಹೇಳುತ್ತಿದ್ದವೋ ಯಾರೂ ಬರೆದಿಡಲಿಲ್ಲ. ಮರುವರ್ಷ ಥಿನ್ ಆ ನೀರಿಗೆ ಕಡಲಪಾಚಿ ಹಾಕಿದಳು. ಹವಳಗಳು ಬದುಕಿ ಬಾಳಿದವು. ಇವತ್ತು ನಾವು ಕೊಳಕ್ಕೆ ಹಾಕಿಸುವ ಪಂಪು ಮಾಡುವುದು ಆ ಹುಡುಗಿ ಮಾಡಿದ ಕೆಲಸವನ್ನೇ. 40 ವ್ಯಾಟಿನ ಸಣ್ಣ ಪಂಪೇ ಆದರೂ ಹಗಲೂ ರಾತ್ರಿ ಓಡಿದರೆ ವರ್ಷಕ್ಕೆ 350 ಯೂನಿಟ್ ಕರೆಂಟು.

ಥಿನ್‌ಗೆ ದಾರಿ ಕಂಡಿತ್ತು, ಆದರೆ ಲೆಕ್ಕ ಇನ್ನೂ ಪೂರ್ತಿಯಾಗಿರಲಿಲ್ಲ. ಪೂರ್ತಿ ಮಾಡಿದವನು ರಾಬರ್ಟ್ ವಾರಿಂಗ್ಟನ್. ಲಂಡನ್ನಿನ ಅಪಾಥಿಕರೀಸ್ ಹಾಲ್‌ನಲ್ಲಿ ಔಷಧಗಳ ತಯಾರಿ ನೋಡಿಕೊಳ್ಳುತ್ತಿದ್ದ ರಸಾಯನ ತಜ್ಞ ಆತ. 1841ರಲ್ಲಿ ಅಲ್ಲಿನ ಕೆಮಿಕಲ್ ಸೊಸೈಟಿ ಕಟ್ಟಿದವರಲ್ಲಿ ಮುಂದೆ ನಿಂತವನು. 1849ರ ಮೇ ತಿಂಗಳಲ್ಲಿ ಹನ್ನೆರಡು ಗ್ಯಾಲನ್ ಹಿಡಿಸುವ, ಅಂದರೆ ಸುಮಾರು 55 ಲೀಟರಿನ ಗಾಜಿನ ಪಾತ್ರೆಯೊಂದಕ್ಕೆ ಊಟೆಯ ನೀರು ಹಾಕಿದ. ತಳಕ್ಕೆ ಮರಳು, ಕೆಸರು, ಸುಣ್ಣಕಲ್ಲಿನ ತುಂಡುಗಳು. ಅದರೊಳಗೆ ಎರಡು ಗೋಲ್ಡ್ ಫಿಶ್ ಮತ್ತು ವ್ಯಾಲಿಸ್ನೇರಿಯಾ ಎಂಬ ನೀರ್ಗಿಡ.

ಈ ಗಿಡ ನಮ್ಮ ಕೆರೆ, ಕಾಲುವೆಗಳಲ್ಲೂ ಇದೆ. ರಿಬ್ಬನ್ನಿನಂಥ ಉದ್ದ ಎಲೆಗಳು ಬುಡದಿಂದೆದ್ದು ನೀರು ಹರಿದ ಕಡೆಗೆ ಬಾಗಿರುತ್ತವೆ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಇದರ ಪರಾಗಸ್ಪರ್ಶ ನೆನಪಿರಬಹುದು. ಹೆಣ್ಣು ಹೂ ಉದ್ದನೆಯ ತೊಟ್ಟಿನ ಮೇಲೆ ನೀರಿನ ಮೇಲ್ಮೈಗೆ ಬಂದು ಕಾಯುತ್ತದೆ. ಗಂಡು ಹೂಗಳು ಬುಡದಲ್ಲಿ ಬಿಡಿಸಿಕೊಂಡು ಮೇಲಕ್ಕೇರಿ ತೇಲುತ್ತ ಬಂದು ಅದನ್ನು ಮುಟ್ಟುತ್ತವೆ. ಆಮೇಲೆ ಹೆಣ್ಣು ಹೂವಿನ ತೊಟ್ಟು ಸುರುಳಿ ಸುತ್ತಿಕೊಂಡು ಕಾಯಿಯನ್ನು ಮತ್ತೆ ನೀರಿನಡಿಗೆ ಎಳೆದುಕೊಳ್ಳುತ್ತದೆ. ಪುಸ್ತಕದಲ್ಲಿ ಓದಿದ್ದನ್ನು ಮನೆ ಬಾಗಿಲಲ್ಲೇ ಕೂತು ನೋಡುವ ಭಾಗ್ಯಕ್ಕಾದರೂ ಒಂದು ಕೊಳ ಬೇಕು ಎಂಬುದು ನನ್ನ ಅಭಿಪ್ರಾಯ.

ವಾರಿಂಗ್ಟನ್ನನ ಪಾತ್ರೆ ಮೊದಮೊದಲು ಚೆನ್ನಾಗಿಯೇ ಇತ್ತು. ಗಿಡ ಬೆಳೆಯಿತು, ಮೀನು ಓಡಾಡಿದವು. ಆದರೆ ದಿನ ಕಳೆದಂತೆ ಗಿಡದ ಹಳೆಯ ಎಲೆಗಳು ಕೊಳೆತವು. ನೀರು ಕದಡಿತು. ಗಾಜಿನ ಗೋಡೆಗೆ ಹಸಿರು ಲೋಳೆ ಮೆತ್ತಿತು. ಮೀನಿಗೂ ಗಿಡಕ್ಕೂ ಉಸಿರಿನ ಕೊಡು-ಕೊಳ್ಳುವಿಕೆ ಸರಿಯಾಗಿಯೇ ಇದ್ದರೂ ಸತ್ತದ್ದನ್ನು ತೆಗೆಯುವವರು ಯಾರೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನೀರು ಚೆಲ್ಲಿ, ಪಾತ್ರೆ ತಿಕ್ಕಿ ಮತ್ತೆ ಶುರು ಮಾಡುತ್ತಿದ್ದರು. ವಾರಿಂಗ್ಟನ್ ಹೊರಗಿನ ಹೊಂಡಗಳಲ್ಲಿ ಇದೇ ಕೆಲಸವನ್ನು ಯಾರು ಮಾಡುತ್ತಾರೆ ಎಂದು ಯೋಚಿಸಿ, ಲಿಮ್ನಿಯಾ ಜಾತಿಯ ಐದಾರು ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆ ತಿಂದವು, ಲೋಳೆ ನೆಕ್ಕಿದವು, ನೀರು ತಿಳಿಯಾಯಿತು. ಜೊತೆಗೆ ಅವು ಇಟ್ಟ ಮೊಟ್ಟೆಗಳು ಮೀನಿಗೆ ಆಹಾರವಾದವು. ಕೊಳೆತದ್ದು ಹುಳುವಾಯಿತು, ಹುಳುವಿನ ಮೊಟ್ಟೆ ಮೀನಾಯಿತು, ಮೀನಿನ ಉಸಿರು ಮತ್ತು ಮಲ ಗಿಡವಾಯಿತು. 1850ರ ಮಾರ್ಚ್‌ನಲ್ಲಿ ಆತ ಇದನ್ನು ಕೆಮಿಕಲ್ ಸೊಸೈಟಿಯ ಮುಂದೆ ಓದಿದ. ಮೂರು ವರ್ಷ ಕಳೆದು, 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಜನ ನೋಡಲೆಂದೇ ಮೀನುಮನೆ ತೆರೆಯಿತು. ಊರಿಗೆ ಊರೇ ಗಾಜಿನ ತೊಟ್ಟಿಗಳ ಹುಚ್ಚಿಗೆ ಬಿತ್ತು.

ಬಸವನಹುಳು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಬೇಕೆಂದರೆ ಗಾಜಿನ ಬಾಟಲಿಗೆ ಹಸಿರು ಕಟ್ಟಿಸಿ ಒಂದನ್ನು ಬಿಟ್ಟು ನೋಡಿ. ಗಾಜಿನ ಆಚೆ ಅದರ ಬಾಯಿ ತೆರೆಯುತ್ತದೆ, ಅರದಂಥ ಒರಟು ನಾಲಗೆ ಹೊರಬಂದು ಒಮ್ಮೆ ಮೇಲಕ್ಕೆ ಕೆರೆದು ಒಳಗೆ ಹೋಗುತ್ತದೆ. ತಲೆ ತುಸು ಎಡಕ್ಕೆ, ಮತ್ತೊಂದು ಕೆರೆತ. ತುಸು ಬಲಕ್ಕೆ, ಮತ್ತೊಂದು. ಹುಳು ಮುಂದೆ ಸರಿದ ಮೇಲೆ ಹಸಿರಿನ ನಡುವೆ ಅಂಕುಡೊಂಕಾದ ಸ್ವಚ್ಛ ದಾರಿಯೊಂದು ಉಳಿದಿರುತ್ತದೆ. ಒಂದು ಎಚ್ಚರ: ಈ ಜಾತಿಯ ಹುಳುಗಳು ದನ-ಕುರಿಗಳ ಪಿತ್ತಜನಕಾಂಗಕ್ಕೆ ಹತ್ತುವ ಚಪ್ಪಟೆ ಹುಳುವಿಗೂ ಆಸರೆ ಕೊಡುತ್ತವೆ. ಹಳ್ಳಿಯ ಮನೆಯಾದರೆ ದನ ಬಾಯಿ ಹಾಕದಷ್ಟು ದೂರದಲ್ಲಿ ಕೊಳ ಇರಲಿ.

ವಾರಿಂಗ್ಟನ್ ಕಂಡುಕೊಂಡ ಇನ್ನೊಂದು ಸಂಗತಿ ಕೊಳ ತೋಡುವವರಿಗೆ ಬಹಳ ಬೇಕಾದದ್ದು. ಗಾಜಿನ ಬದಿಗಳಿಂದ ಬೆಳಕು ನುಗ್ಗಿದರೆ ಪಾಚಿ ಹೆಚ್ಚುತ್ತದೆ, ನಿಜವಾದ ಹೊಂಡಕ್ಕೆ ಬೆಳಕು ಬೀಳುವುದು ಮೇಲಿನಿಂದ ಮಾತ್ರ ಎಂದು ಗಮನಿಸಿ ಆತ ಬದಿ ಮುಚ್ಚಿದ ತೊಟ್ಟಿ ಮಾಡಿಸಿದ. ನೆಲದಲ್ಲಿ ತೋಡಿದ ಕೊಳಕ್ಕೆ ಈ ಅನುಕೂಲ ತಾನಾಗಿ ಬರುತ್ತದೆ. ಮೇಲಿನಿಂದ ಬೀಳುವ ಬೆಳಕನ್ನು ಅರ್ಧಕ್ಕೆ ಇಳಿಸಲು ನಾಲ್ಕು ನೈದಿಲೆ ಎಲೆ ಸಾಕು. ಸಾವಿರಾರು ರೂಪಾಯಿಯ ಫಿಲ್ಟರು ಮಾಡುವುದರಲ್ಲಿ ಬಹುಪಾಲನ್ನು ನೆರಳೇ ಮಾಡುತ್ತದೆ.

ಆದರೂ ವಾರಿಂಗ್ಟನ್ನನ ಲೆಕ್ಕದಲ್ಲಿ ಒಬ್ಬ ಪಾಲುದಾರ ಬಿಟ್ಟುಹೋಗಿದ್ದ. ಮೀನಿನಿಂದ ಹೊರಬೀಳುವ ಅಮೋನಿಯಾ ಮೀನಿಗೇ ವಿಷ. ಗಿಡ ಅದರಲ್ಲಿ ಸ್ವಲ್ಪವನ್ನು ಹೀರಬಹುದು. ಉಳಿದದ್ದು ಎಲ್ಲಿ ಹೋಗುತ್ತದೆ? ಇದನ್ನು ಬಿಡಿಸಿದವರಲ್ಲಿ ಒಬ್ಬ ಅವನ ಮಗನೇ ಎಂಬುದು ಈ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಮಗನ ಹೆಸರೂ ರಾಬರ್ಟ್ ವಾರಿಂಗ್ಟನ್. ಅಪ್ಪ ಪಾತ್ರೆಗೆ ಮೀನು ಬಿಟ್ಟಾಗ ಹತ್ತು ವರ್ಷದ ಹುಡುಗ. ಅಪ್ಪನ ಪ್ರಯೋಗಶಾಲೆಯಲ್ಲೇ ರಸಾಯನಶಾಸ್ತ್ರ ಕಲಿತು, 1876ರಲ್ಲಿ ರೋಥಮ್‌ಸ್ಟೆಡ್ ಎಂಬ ಹೆಸರಾಂತ ಕೃಷಿ ಸಂಶೋಧನಾ ಕೇಂದ್ರ ಸೇರಿದ.

ಮರುವರ್ಷ ಪ್ಯಾರಿಸಿನಿಂದ ಸುದ್ದಿ ಬಂತು. ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬಿಬ್ಬರು ಮರಳು ಮತ್ತು ಸುಣ್ಣಕಲ್ಲು ತುಂಬಿದ ಉದ್ದನೆಯ ಕೊಳವೆಯಲ್ಲಿ ಚರಂಡಿ ನೀರನ್ನು ನಿಧಾನವಾಗಿ ಇಳಿಬಿಟ್ಟಿದ್ದರು. ಮೊದಲ ಇಪ್ಪತ್ತು ದಿನ ಮೇಲೆ ಹಾಕಿದ ಅಮೋನಿಯಾ ಹಾಗೆಯೇ ಕೆಳಗೆ ಬಂತು. ಆಮೇಲೆ ಇದ್ದಕ್ಕಿದ್ದಂತೆ ಅಮೋನಿಯಾ ಕಡಿಮೆಯಾಗಿ ಅದರ ಜಾಗದಲ್ಲಿ ನೈಟ್ರೇಟ್ ಬರತೊಡಗಿತು. ಬರೀ ರಾಸಾಯನಿಕ ಕ್ರಿಯೆಯಾಗಿದ್ದರೆ ಮೊದಲ ದಿನವೇ ಆಗಬೇಕಿತ್ತು, ಇಪ್ಪತ್ತು ದಿನ ಏಕೆ ಕಾಯಬೇಕು? ಅವರು ಕೊಳವೆಗೆ ಕ್ಲೋರೋಫಾರ್ಮ್ ಆವಿ ಹಾಯಿಸಿದರು. ನೈಟ್ರೇಟ್ ನಿಂತಿತು. ಆವಿ ಹೋದ ಮೇಲೆ ಮಣ್ಣು ತೊಳೆದ ನೀರನ್ನು ಒಂದಿಷ್ಟು ಹಾಕಿದರು. ಮತ್ತೆ ಶುರುವಾಯಿತು. ಮರಳಿನೊಳಗೆ ಜೀವ ಇದೆ, ಅದು ನೆಲೆಯೂರಲು ದಿನ ಬೇಕು ಎಂದು ಅವರಿಗೆ ಖಾತ್ರಿಯಾಯಿತು. ಮಗ ವಾರಿಂಗ್ಟನ್ ಈ ಎಳೆ ಹಿಡಿದು ವರ್ಷಗಟ್ಟಲೆ ದುಡಿದ. ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ, ಒಂದು ಬಗೆಯ ಸೂಕ್ಷ್ಮಜೀವಿ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ ಎಂದು ತೋರಿಸಿದ. ಆ ಜೀವಿಗಳನ್ನು ಬೇರ್ಪಡಿಸಿ ಶುದ್ಧವಾಗಿ ಬೆಳೆಸಿದ ಕೀರ್ತಿ 1890ರ ಹೊತ್ತಿಗೆ ಸೆರ್ಗೈ ವಿನೊಗ್ರಾಡ್‌ಸ್ಕಿಗೆ ಹೋಯಿತು.

ಅಪ್ಪನ ಪಾತ್ರೆಯ ತಳದಲ್ಲಿ ಇದ್ದದ್ದು ಏನು? ಮರಳು, ಕೆಸರು, ಸುಣ್ಣಕಲ್ಲು. ಮೀನು, ಗಿಡ, ಹುಳುಗಳ ಜೊತೆ ದುಡಿಯುತ್ತಿದ್ದ ಕಣ್ಣಿಗೆ ಕಾಣದ ನಾಲ್ಕನೆಯವರು ಅಲ್ಲೇ ಮನೆ ಮಾಡಿದ್ದರು.

ಇಷ್ಟು ತಿಳಿದರೆ ಹಣವನ್ನು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದೂವರೆ ಅಡಿ ಆಳ ಸಾಕು. ಬದಿ ಇಳಿಜಾರಿದ್ದರೆ ಏಳುನೂರು ಲೀಟರಿನ ಆಸುಪಾಸು ನೀರು ಹಿಡಿಯುತ್ತದೆ. ದುಡ್ಡು ಕೊಟ್ಟು ಕೊಳ್ಳಲೇಬೇಕಾದ ಒಂದೇ ವಸ್ತು ಹೊದಿಕೆ. ಬಯಲುಸೀಮೆಯ ರೈತರು ಕೃಷಿ ಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆಯೇ ಇದಕ್ಕೂ ಸರಿ. ದೊಡ್ಡ ಹೊಂಡಕ್ಕೆ ಕತ್ತರಿಸಿ ಉಳಿದ ತುಂಡುಗಳು ಆ ಕೆಲಸ ಮಾಡುವವರ ಬಳಿ ಕಡಿಮೆ ಬೆಲೆಗೆ ಸಿಗುತ್ತವೆ, ಕೇಳಿ ನೋಡಬೇಕು. ಅಳತೆ ಹೀಗೆ: ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಅಂಚಿಗೆಂದು ಎರಡೂ ಕಡೆ ಅರ್ಧರ್ಧ ಅಡಿ ಕೂಡಿಸಿ. ಅಗಲಕ್ಕೂ ಹಾಗೆಯೇ. ನಮ್ಮ ಕೊಳಕ್ಕೆ ಹತ್ತು ಅಡಿಗೆ ಎಂಟು ಅಡಿಯ ಹಾಳೆ ಬೇಕಾಯಿತು. ಕೆಳಗೆ ಜರಡಿ ಹಿಡಿದ ಮರಳು, ಅದರ ಮೇಲೆ ಹಳೆಯ ಗೋಣಿಚೀಲ ಅಥವಾ ಫ್ಲೆಕ್ಸ್ ಬ್ಯಾನರು ಹಾಸಿದರೆ ಕಲ್ಲು ಚುಚ್ಚುವುದಿಲ್ಲ. ಅಂಚು ಸುತ್ತಲೂ ಒಂದೇ ಮಟ್ಟದಲ್ಲಿರಬೇಕು, ಇಲ್ಲವಾದರೆ ಒಂದು ಕಡೆ ನೀರು ಚೆಲ್ಲಿ ಇನ್ನೊಂದು ಕಡೆ ಪ್ಲಾಸ್ಟಿಕ್ ಕಾಣುತ್ತದೆ. ಗಾರೆಯವರು ನೀರು ತುಂಬಿದ ಪೈಪಿನಿಂದ ಮಟ್ಟ ನೋಡುತ್ತಾರಲ್ಲ, ಅದೇ ಉಪಾಯ ಸಾಕು.

ತೋಡಿದ ಮಣ್ಣನ್ನು ಲಾರಿಗೆ ತುಂಬಿಸಿ ಕಳಿಸುವುದು ದುಡ್ಡು ಕೊಟ್ಟು ಒಳ್ಳೆಯದನ್ನು ಹೊರಹಾಕಿದಂತೆ. ಅದನ್ನೇ ಕಾಂಪೌಂಡಿನ ಕಡೆಗೆ ದಿಬ್ಬವಾಗಿ ಏರಿಸಿ. ಬಾಗಿಲಿನಿಂದ ನೋಡುವವರಿಗೆ ಕೊಳಕ್ಕೊಂದು ಬೆನ್ನು ಸಿಗುತ್ತದೆ, ಚಿಕ್ಕ ಅಂಗಳ ದೊಡ್ಡದಾಗಿ ಕಾಣುತ್ತದೆ. ದಿಬ್ಬ ಕುಸಿಯದಿರಲು ಲಾವಂಚದ ನಾಲ್ಕು ಬುಡ. ಅಂಚಿಗೆ ಗ್ರಾನೈಟ್ ಕತ್ತರಿಸುವ ಕಡೆ ಬಿಸಾಡಿದ ತುಂಡುಗಳು ಅಥವಾ ಒಡೆದ ಮಂಗಳೂರು ಹೆಂಚು. ಒಂದು ಕಡೆಯಲ್ಲಿ ಚಪ್ಪಡಿ ಕಲ್ಲೊಂದನ್ನು ನೀರಿಗಿಳಿಯುವಂತೆ ಓರೆಯಾಗಿ ಇಡಲೇಬೇಕು. ಕಪ್ಪೆ, ಓತಿಕ್ಯಾತಗಳು ಹತ್ತಿ ಬರುವುದು ಅದರ ಮೇಲಿಂದ. ಗುಬ್ಬಿ, ಪಿಕಳಾರ ನೀರು ಕುಡಿಯಲು ಇಳಿಯುವುದೂ ಅಲ್ಲೇ. ಅಂಚು ಸುತ್ತಲಿನ ನೆಲಕ್ಕಿಂತ ಎರಡಂಗುಲ ಎತ್ತರವಿರಲಿ, ಮಳೆ ನೀರಿನ ಜೊತೆ ಗೊಬ್ಬರ ಒಳಗೆ ಹರಿದರೆ ವಾರದಲ್ಲಿ ನೀರು ಪಚ್ಚೆಯಾಗುತ್ತದೆ. ಗಸಗಸೆ ಮರದಂಥ ಎಲೆ ಉದುರಿಸುವ ಮರದಡಿ ತೋಡಬೇಡಿ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ನೀರಿನ ಮಟ್ಟಕ್ಕಿಂತ ಮೇಲೆ ಕಬ್ಬಿಣದ ಜಾಲರಿ ಕೂರಿಸಿ. ಗಿಡಗಳು ಅದರ ಕಣ್ಣುಗಳೊಳಗಿಂದ ಮೇಲೆ ಬರುತ್ತವೆ. ಇದೊಂದು ಖರ್ಚಿನಲ್ಲಿ ಮಾತ್ರ ಉಳಿತಾಯ ಮಾಡಕೂಡದು.

ಗಿಡಗಳಿಗೆ ನರ್ಸರಿಗೆ ಹೋಗುವ ಮೊದಲು ನೆಂಟರ ಹಿತ್ತಲಿಗೆ ಹೋಗಿ. ಬಜೆ ನೀರಂಚಿನ ಗಿಡವೇ. ತಗ್ಗು ಕೆಸರಿನಲ್ಲಿ ಗಡ್ಡೆ ಒತ್ತಿದರೆ ಹಬ್ಬುತ್ತದೆ, ಎಲೆ ಮುರಿದರೆ ಕೈಯೆಲ್ಲ ಘಮ. ಒಂದೆಲಗ ಕಲ್ಲುಗಳ ಸಂದಿಯಲ್ಲಿ ತಾನೇ ಹರಿದು ಅಂಚು ಮುಚ್ಚುತ್ತದೆ, ಬೇಕೆನಿಸಿದಾಗ ತಂಬುಳಿಗೂ ಆಗುತ್ತದೆ. ಕೆಸು, ಕಾಬಾಳೆ, ಸುಗಂಧಿ ಹಿಂಬದಿಗೆ. ನೀರೊಳಗೆ ಹೈಡ್ರಿಲ್ಲಾ ಅಥವಾ ವ್ಯಾಲಿಸ್ನೇರಿಯಾ, ಮೇಲೆ ನೈದಿಲೆ. ಇವುಗಳಲ್ಲಿ ಒಂದು ಬುಡ ಸಿಕ್ಕರೆ ವರ್ಷದೊಳಗೆ ಹತ್ತಾಗುತ್ತದೆ. ಅಂತರಗಂಗೆಯನ್ನು ಮಾತ್ರ ತರಬೇಡಿ, ಅದು ಮೇಲ್ಮೈಯನ್ನೆಲ್ಲ ಮುಚ್ಚಿ ಕೆಳಗಿನ ಗಿಡಗಳ ಬೆಳಕು ಕಸಿಯುತ್ತದೆ.

ಇನ್ನು ಮನೆಯೊಳಗಿನಿಂದ ಬಂದ ಪ್ರಶ್ನೆ.

1883ರಲ್ಲಿ ರೊನಾಲ್ಡ್ ರಾಸ್ ಎಂಬ ಇಪ್ಪತ್ತಾರರ ಹರೆಯದ ಸೇನಾ ವೈದ್ಯ ಬೆಂಗಳೂರಿಗೆ ಬಂದ. ಅಲ್ಮೋರದಲ್ಲಿ ಹುಟ್ಟಿದವನು. ದಂಡು ಪ್ರದೇಶದಲ್ಲಿ ಅವನಿಗೆ ಸಿಕ್ಕ ಬಂಗಲೆ ಚೆನ್ನಾಗಿತ್ತು, ಆದರೆ ಸೊಳ್ಳೆಯ ಕಾಟ ವಿಪರೀತ. ಉಳಿದವರ ಮನೆಗಳಿಗಿಂತ ತನ್ನ ಮನೆಯಲ್ಲೇ ಏಕೆ ಹೆಚ್ಚು ಎಂದು ಹುಡುಕುತ್ತ ಹೋದಾಗ ಕಿಟಕಿಯ ಹೊರಗೆ ನೀರು ತುಂಬಿದ ತೊಟ್ಟಿಯೊಂದು ಕಂಡಿತು. ಬಗ್ಗಿ ನೋಡಿದರೆ ನೀರಿನ ತುಂಬ ಮಿಸುಕಾಡುವ ಮರಿಹುಳುಗಳು. ತೊಟ್ಟಿ ಮಗುಚಿ ನೀರು ಚೆಲ್ಲಿಸಿದ. ಮನೆಯೊಳಗಿನ ಸೊಳ್ಳೆ ಹೆಚ್ಚುಕಡಿಮೆ ನಿಂತೇಹೋಯಿತು.

ರಾಸ್ ಇದನ್ನು ರೆಜಿಮೆಂಟಿನ ಅಧಿಕಾರಿಗೆ ಹೇಳಿದ. ಅಧಿಕಾರಿಗಳ ಊಟದ ಮನೆಯ ತೋಟದ ತೊಟ್ಟಿಗಳಲ್ಲಿ, ಊಟದ ಮೇಜಿನ ಕಾಲುಗಳ ಕೆಳಗಿಟ್ಟ ನೀರಿನ ಡಬ್ಬಿಗಳಲ್ಲಿ, ಹೂದಾನಿಗಳಲ್ಲಿ ಕೂಡ ಇದೇ ಹುಳುಗಳಿವೆ, ಎಲ್ಲವನ್ನೂ ಚೆಲ್ಲಿಸೋಣ ಎಂದ. ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆಯನ್ನು ದೇವರು ಯಾವುದೋ ಕಾರಣಕ್ಕೇ ಸೃಷ್ಟಿಸಿದ್ದಾನೆ, ಸಹಿಸಿಕೊಳ್ಳುವುದು ನಮ್ಮ ಧರ್ಮ ಎಂಬ ಉತ್ತರ ಬಂತು. ರಾಸ್ ಇದನ್ನೆಲ್ಲ ಮುಂದೆ ತನ್ನ ಆತ್ಮಕತೆಯಲ್ಲಿ ಬರೆದಿದ್ದಾನೆ. ಆಗ ಸೊಳ್ಳೆಗೂ ಮಲೇರಿಯಾಕ್ಕೂ ಇರುವ ನಂಟು ಅವನಿಗೂ ಗೊತ್ತಿರಲಿಲ್ಲ. ಅದನ್ನು ಕಂಡದ್ದು ಹದಿನಾಲ್ಕು ವರ್ಷಗಳ ಮೇಲೆ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ. ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ರೋಗಾಣು ಸೂಕ್ಷ್ಮದರ್ಶಕದಡಿ ಕಾಣಿಸಿತು. 1902ರಲ್ಲಿ ನೊಬೆಲ್ ಬಹುಮಾನ ಬಂತು. ಆದರೆ ಒಬ್ಬ ಗೃಹಸ್ಥನಿಗೆ ಸಿಕಂದರಾಬಾದಿನಷ್ಟೇ ಬೆಂಗಳೂರಿನ ಆ ತೊಟ್ಟಿಯೂ ಮುಖ್ಯ ಎನ್ನುತ್ತೇನೆ ನಾನು. ಮನೆಯ ಸೊಳ್ಳೆ ಬಹುತೇಕ ಮನೆಯ ಸುತ್ತಮುತ್ತಲೇ ಹುಟ್ಟಿದ್ದು ಎಂದು ಆ ತೊಟ್ಟಿ ತೋರಿಸಿತು.

ಸೊಳ್ಳೆಯ ಮರಿಹುಳು ನೀರೊಳಗಿದ್ದರೂ ಉಸಿರಾಡುವುದು ಗಾಳಿಯನ್ನೇ. ತಲೆ ಕೆಳಗೆ ಮಾಡಿ, ಬಾಲದ ತುದಿಯ ಸಣ್ಣ ನಳಿಗೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ನೇತಾಡುತ್ತದೆ. ಅನಾಫಿಲಿಸ್‌ಗೆ ನಳಿಗೆಯಿಲ್ಲ, ಅದು ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ನಮ್ಮ ಹವೆಯಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ವಾರದಿಂದ ಹತ್ತು ದಿನ. ಅಷ್ಟು ದಿನವೂ ಮತ್ತೆ ಮತ್ತೆ ಮೇಲಕ್ಕೆ ಬರಲೇಬೇಕಾದ ಈ ಹುಳು, ಮೇಲ್ಮೈಯಲ್ಲೇ ಸುಳಿದಾಡುವ ಸಣ್ಣ ಮೀನಿನ ಬಾಯಿಗೆ ನೇರ ತುತ್ತು. ರಾಸ್‌ನ ತೊಟ್ಟಿಯಲ್ಲಿ ನೀರಿತ್ತು, ಮೀನಿರಲಿಲ್ಲ. ವ್ಯತ್ಯಾಸ ಇಷ್ಟೇ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಬಾವಿಗೆ ನಾಲ್ಕು ಮೀನು ಬಿಡುವ ರೂಢಿ ಹಳೆಯದು. ರಾಸ್ ನಂತರ ಅದಕ್ಕೆ ಸರಕಾರಿ ರೂಪ ಬಂತು. 1905ರಲ್ಲಿ ಟೆಕ್ಸಸ್‌ನಿಂದ ಹವಾಯಿಗೆ ಗ್ಯಾಂಬೂಸಿ‌ಯಾ ಮೀನು ಹೋಯಿತು. 1928ರಲ್ಲಿ ಇಟಲಿಯಿಂದ ಭಾರತಕ್ಕೂ ಬಂತು. ದಕ್ಷಿಣ ಅಮೆರಿಕದ ಗಪ್ಪಿ ಅದಕ್ಕಿಂತ ಮೊದಲೇ ಬಂದಿತ್ತು. ನಮ್ಮಲ್ಲಿ ಇದರ ದೊಡ್ಡ ಪರೀಕ್ಷೆ ನಡೆದದ್ದು ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಲಿನ ರೇಷ್ಮೆ ಹಳ್ಳಿಗಳಲ್ಲಿ. ರೇಷ್ಮೆಹುಳು ಸಾಕುವ ಮನೆಗಳಲ್ಲಿ ಕೀಟನಾಶಕ ಹೊಡೆಯುವಂತಿಲ್ಲ. ಸೊಳ್ಳೆಯ ಜೊತೆ ಹುಳುವೂ ಸತ್ತರೆ ಸಂಸಾರ ಬೀದಿಗೆ ಬರುತ್ತದೆ. ಅಲ್ಲಿ ಸೊಳ್ಳೆ ಹುಟ್ಟುತ್ತಿದ್ದ ಜಾಗಗಳಲ್ಲಿ ಬಾವಿಗಳು ಮುಖ್ಯ. ಮಲೇರಿಯಾ ಸಂಶೋಧಕರು ಬಾವಿಗಳಿಗೆ ಗಪ್ಪಿಯನ್ನೂ ಹಳ್ಳಗಳಿಗೆ ಗ್ಯಾಂಬೂಸಿ‌ಯಾವನ್ನೂ ಬಿಟ್ಟರು. ಸೊಳ್ಳೆಯ ಮರಿಹುಳುಗಳು ಕಡಿಮೆಯಾದವು, ಮಲೇರಿಯಾವೂ ಇಳಿಯಿತು. ಆರೋಗ್ಯ ಇಲಾಖೆಯವರು ಲಾರ್ವಾಹಾರಿ ಮೀನು ಎಂದು ಗೋಡೆಗಳ ಮೇಲೆ ಬರೆಸುವುದು ಇವನ್ನೇ.

ಎರಡೂ ಹೊರದೇಶದ ಮೀನುಗಳು, ಬಹಳ ಗಟ್ಟಿ ಪಿಂಡಗಳು. ಕೆರೆಗೋ ಹಳ್ಳಕ್ಕೋ ಸೇರಿದರೆ ಅಲ್ಲಿನ ನಮ್ಮ ಸಣ್ಣ ಮೀನುಗಳ ಮರಿ-ಮೊಟ್ಟೆಗಳಿಗೆ ಅಪಾಯ. ಮುಚ್ಚಿದ ಅಂಗಳದ ಕೊಳದಲ್ಲಿ ಗಪ್ಪಿ ಇರಲಿ. ಹೆಚ್ಚಾದವನ್ನು ಇನ್ನೊಬ್ಬರ ಕೊಳಕ್ಕೆ ಕೊಡಿ, ಚರಂಡಿಗೆ ಚೆಲ್ಲಬೇಡಿ. ಪಶ್ಚಿಮಘಟ್ಟದ ತೊರೆಗಳಲ್ಲಿ, ಗದ್ದೆಯ ಕಾಲುವೆಗಳಲ್ಲಿ ತಲೆಯ ಮೇಲೆ ಮಿಂಚುವ ಚುಕ್ಕೆಯಿರುವ ಪುಟ್ಟ ಮೀನೊಂದಿದೆ, ಪ್ಯಾಂಚಾಕ್ಸ್ ಗುಂಪಿನದು. ಮೇಲ್ಮೈಯಲ್ಲೇ ಬೇಟೆಯಾಡುವ ನಮ್ಮದೇ ಸೊಳ್ಳೆಗಾರ ಅದು. ಸಿಗುವ ಕಡೆಗಳಲ್ಲಿ ಅದಕ್ಕೇ ನನ್ನ ಮೊದಲ ಓಟು. ಇನ್ನೊಂದು ಮಾತು: ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೀನಿರುವ ಕೊಳಕ್ಕಿಂತ ಅದರ ಪಕ್ಕದ ಹೂಕುಂಡದ ತಟ್ಟೆ, ಎಳನೀರಿನ ಚಿಪ್ಪು, ಟೆರೇಸಿನ ಮೂಲೆಯ ಟೈರು ಹೆಚ್ಚು ಇಷ್ಟ. ಅದರ ಮೊಟ್ಟೆ ನೀರಿಲ್ಲದೆ ತಿಂಗಳುಗಟ್ಟಲೆ ಒಣಗಿ ಕೂತು, ನೀರು ಮುಟ್ಟಿದಾಗ ಒಡೆಯುತ್ತದೆ. ತಟ್ಟೆಗಳನ್ನು ಚೆಲ್ಲಿದರೆ ಸಾಲದು, ತಿಕ್ಕಬೇಕು.

ಹೊಸ ಕೊಳದಲ್ಲಿ ಈ ಎರಡು ಕತೆಗಳು ಒಂದಕ್ಕೊಂದು ಎದುರಾಗುತ್ತವೆ. ವಾರಿಂಗ್ಟನ್ ಮತ್ತು ಪ್ಯಾರಿಸಿನವರು ಕಾಯಿರಿ ಎನ್ನುತ್ತಾರೆ. ತಳದ ಮರಳಿನಲ್ಲಿ ಸೂಕ್ಷ್ಮಜೀವಿಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು, ಅದಕ್ಕೆ ಮೊದಲು ಮೀನು ತುಂಬಿದರೆ ತಮ್ಮ ಅಮೋನಿಯಾದಲ್ಲೇ ಸಾಯುತ್ತವೆ. ರಾಸ್ ಕಾಯಬೇಡಿ ಎನ್ನುತ್ತಾನೆ, ಹತ್ತು ದಿನ ಬಿಟ್ಟರೆ ಸೊಳ್ಳೆ ಹಾರಿರುತ್ತದೆ. ಅದಕ್ಕೆ ಹೀಗೆ ಮಾಡುವುದು. ನಲ್ಲಿ ನೀರಾದರೆ ತುಂಬಿಸಿ ಮೂರು-ನಾಲ್ಕು ದಿನ ಬಿಡಿ, ಕ್ಲೋರಿನ್ ಹೋಗುತ್ತದೆ. ಆ ದಿನಗಳಲ್ಲೇ ತಳಕ್ಕೆ ಮರಳು ಹಾಕಿ ಗಿಡಗಳನ್ನೆಲ್ಲ ನೆಡಿ. ಮೀನಿರುವ ಹಳೆಯ ಕೊಳ ಯಾರ ಮನೆಯಲ್ಲಾದರೂ ಇದ್ದರೆ ಅದರ ತಳದ ಕೆಸರನ್ನು ಒಂದು ಚೊಂಬು ಬೇಡಿ ತಂದು ಸುರಿಯಿರಿ. ಪ್ಯಾರಿಸಿನ ಕೊಳವೆಗೆ ಹಾಕಿದ ಮಣ್ಣು ತೊಳೆದ ನೀರು ಮಾಡಿದ್ದನ್ನು ಇದು ಮಾಡುತ್ತದೆ. ಐದನೆಯ ದಿನ ಮೂರೇ ಮೂರು ಗಪ್ಪಿ ಬಿಡಿ. ಏಳುನೂರು ಲೀಟರಿಗೆ ಮೂರು ಮೀನಿನ ಅಮೋನಿಯಾ ಲೆಕ್ಕಕ್ಕಿಲ್ಲ, ಗಿಡಗಳೇ ಹೀರಿಕೊಳ್ಳುತ್ತವೆ. ಮೂರು ಮೀನಿನ ಹಸಿವು ಮಾತ್ರ ಸೊಳ್ಳೆಯ ಮೊದಲ ಸಂಸಾರಕ್ಕೆ ಸಾಕಾಗುತ್ತದೆ. ಅವಕ್ಕೆ ಬೇರೆ ಆಹಾರ ಹಾಕಬೇಡಿ, ಹೊಟ್ಟೆ ತುಂಬಿದ ಮೀನು ಬೇಟೆಯಾಡುವುದಿಲ್ಲ. ಹಳೆಯ ಎಲೆ ಕೊಳೆಯಲು ಶುರುವಾದಾಗ ಬಸವನಹುಳು. ಉಳಿದ ಮೀನುಗಳನ್ನು ತರುವುದು ಒಂದೂವರೆ ತಿಂಗಳ ಮೇಲೆ, ಅಷ್ಟರಲ್ಲಿ ಗಪ್ಪಿಗಳೇ ಮರಿ ಹಾಕಿರದಿದ್ದರೆ.